ಅಮೆರಿಕ ಹಣ ನಿಲ್ಲಿಸಿದರೆ ಮಡಿಕೇರಿಯಲ್ಲಿ ಎಆರ್‌ಟಿ ಮಾತ್ರೆ ಸಿಗುವುದಿಲ್ವಾ?

ಮೊದಲು ಅಮ್ಮನ ವಿಷಯ. ಅಮೆರಿಕ ಏಡ್ಸ್ ಹಣ ನಿಲ್ಲಿಸಿತು ಎಂಬ ವಾಟ್ಸಾಪ್ ಮೆಸೇಜ್ ನೋಡಿ ಅವರು ಹೆದರಿದ್ದಾರೆ, ಮುಂದೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸಿಗದಿದ್ದರೆ ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಡಾಕ್ಟರ್ ಹೇಳಿದಂತೆ ದಿನಾ ತಪ್ಪದೆ ತಗೊಳ್ಳಲಿ. ಬಿಟ್ಟ ದಿನಗಳದ್ದು ಅಂತ ಎರಡೆರಡು ನುಂಗುವುದೂ ಬೇಡ. ಮಾತ್ರೆ ಬಿಟ್ಟು ಬಿಟ್ಟು ತಗೊಂಡರೆ ವೈರಸ್ ಮತ್ತೆ ಬೆಳೆಯುತ್ತದೆ, ಆ ಔಷಧಿಗೇ ಬಗ್ಗದ ಹಾಗೆ ಆಗಿಬಿಡಬಹುದು. ಆಮೇಲೆ ಡಬ್ಬಿಯಲ್ಲಿ ಎಷ್ಟು ಉಳಿಸಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಇಲ್ಲ, ಅಮ್ಮನ ಮಾತ್ರೆ ಅಮೆರಿಕದ ದುಡ್ಡಿನಲ್ಲಿ ಬರುತ್ತಿಲ್ಲ. ನಮ್ಮ ದೇಶದಲ್ಲಿ ಸರ್ಕಾರ ಪುಕ್ಕಟೆ ಎಆರ್‌ಟಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಗ ಹೊರಗಿನ ಹಣ ಜಾಸ್ತಿ ಇತ್ತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೇ ವಿಶ್ವಬ್ಯಾಂಕ್ ಸಾಲದಿಂದ. ಆದರೆ 2021ರಿಂದ 2026ರವರೆಗಿನ ಅದರ ಐದನೇ ಹಂತಕ್ಕೆ ಕೇಂದ್ರ ಸರ್ಕಾರ ತನ್ನ ಬಜೆಟ್‌ನಿಂದಲೇ 15,471.94 ಕೋಟಿ ರೂಪಾಯಿ ಇಟ್ಟಿತು. ಹಲವು ದೇಶಗಳು ಹಣ ಹಾಕುವ ಗ್ಲೋಬಲ್ ಫಂಡ್‌ನಿಂದ ಸ್ವಲ್ಪ ಬರುತ್ತದೆ, ಆದರೆ ಭಾರ ಹೊತ್ತಿರುವುದು ನಮ್ಮ ಸರ್ಕಾರವೇ. ಮಾತ್ರೆ ತಯಾರಾಗುವುದೂ ಇಲ್ಲೇ. 2017ರ ಎಚ್‌ಐವಿ ಕಾಯ್ದೆ ಕೂಡ ಇದೆ, ಸಾಧ್ಯವಾದಷ್ಟೂ ಎಆರ್‌ಟಿ ಒದಗಿಸುವುದು ಸರ್ಕಾರಗಳ ಹೊಣೆ ಅಂತ ಅದು ಹೇಳುತ್ತದೆ.

ಹಾಗಂತ ಮಾತ್ರೆಗೆ ಯಾವತ್ತೂ ತೊಂದರೆ ಆಗಿಲ್ಲ ಅಂದರೆ ಸುಳ್ಳು ಹೇಳಿದ ಹಾಗೆ. 2022ರಲ್ಲಿ ಕೆಲವು ಔಷಧಿಗಳ ಕೊರತೆಯಾಗಿ, ಎಚ್‌ಐವಿ ಪಾಸಿಟಿವ್ ಇರುವವರು ದೆಹಲಿಯಲ್ಲಿ ನ್ಯಾಕೋ (ಏಡ್ಸ್ ನಿಯಂತ್ರಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಕಚೇರಿ ಮುಂದೆ ತಿಂಗಳಿಗೂ ಜಾಸ್ತಿ ದಿನ ಧರಣಿ ಕೂತರು. ಅದು ಖರೀದಿ, ಟೆಂಡರ್‌ನ ಎಡವಟ್ಟು. ಯಾವ ದೇಶವೂ ಹಣ ನಿಲ್ಲಿಸಿದ್ದರಿಂದ ಆದದ್ದಲ್ಲ.

ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ. ಬಡ ದೇಶಗಳ ಎಚ್‌ಐವಿ ಕೆಲಸಕ್ಕೆ ಶ್ರೀಮಂತ ದೇಶಗಳ ಸರ್ಕಾರಗಳು 2023ರಲ್ಲಿ ಕೊಟ್ಟದ್ದು ಸುಮಾರು 790 ಕೋಟಿ ಡಾಲರ್. ಅದರಲ್ಲಿ ನಾಲ್ಕರಲ್ಲಿ ಹತ್ತಿರ ಹತ್ತಿರ ಮೂರು ಪಾಲು ಅಮೆರಿಕದ್ದೇ. ಅಷ್ಟು ಭಾರ ಒಬ್ಬರ ಹೆಗಲ ಮೇಲೆ ಬಿಟ್ಟದ್ದೇ ತಪ್ಪು ಅಂತ ನನಗೆ ಅನಿಸುತ್ತದೆ. 2003ರಲ್ಲಿ ಅಧ್ಯಕ್ಷ ಬುಷ್ ಶುರು ಮಾಡಿದ, ಬೇರೆ ದೇಶಗಳಿಗೆ ಏಡ್ಸ್ ನೆರವು ಕೊಡುವ ಪೆಪ್‌ಫಾರ್ ಯೋಜನೆ ಎರಡೂವರೆ ಕೋಟಿಗೂ ಜಾಸ್ತಿ ಜೀವ ಉಳಿಸಿದೆ ಎಂದು ಅಮೆರಿಕ ಸರ್ಕಾರವೇ ಲೆಕ್ಕ ಕೊಡುತ್ತದೆ. 2025ರ ಜನವರಿಯಲ್ಲಿ ಅಮೆರಿಕದ ಹೊಸ ಅಧ್ಯಕ್ಷ ಟ್ರಂಪ್ ಅವರ ಒಂದು ಆದೇಶದಿಂದ ವಿದೇಶಿ ನೆರವೆಲ್ಲ 90 ದಿನ ತಡೆಹಿಡಿಯಲಾಯಿತು. ಜೀವ ಉಳಿಸುವ ಮಾತ್ರೆಗೆ ವಿನಾಯಿತಿ ಅಂತ ಆಮೇಲೆ ಹೇಳಿದರು. ಆದರೆ ಅಷ್ಟರಲ್ಲಿ ಆಫ್ರಿಕಾದಲ್ಲಿ ಎಷ್ಟೋ ಕ್ಲಿನಿಕ್ ಬಾಗಿಲು ಹಾಕಿದ್ದವು. ಮನೆಮನೆಗೆ ಹೋಗುವ ಕಾರ್ಯಕರ್ತರ ಕೆಲಸ ಹೋಗಿತ್ತು. ಮೊಜಾಂಬಿಕ್, ತಾಂಜಾನಿಯಾದಲ್ಲಿ ನಿಮ್ಮ ಅಮ್ಮನ ಪ್ರಾಯದ ಒಬ್ಬ ಹೆಂಗಸಿಗೆ ಈ ಭಯ ನಿಜವಾದ ಭಯ. ಅಲ್ಲಿ ಎಚ್‌ಐವಿ ಖರ್ಚಿನ ದೊಡ್ಡ ಪಾಲು ಹೊರಗಿನಿಂದಲೇ ಬರುವುದು.

ಆ ಸುದ್ದಿ ಓದಿದಾಗ ನನಗೆ ನಮ್ಮೂರೇ ನೆನಪಾಯಿತು. ನಾನು ಕೊಡಗಿನ ಸಿದ್ದಾಪುರದ ಕಡೆಯವಳು. ವಿದೇಶಿ ಹಣದಲ್ಲಿ ನಡೆಯುತ್ತಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ಆರು ವರ್ಷ ಔಟ್‌ರೀಚ್ ಕೆಲಸ ಮಾಡಿದೆ. ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳಿಗೆ ಹೋಗುವುದು, ಮಾತಾಡುವುದು, ಟೆಸ್ಟ್‌ಗೆ ಕರೆದುಕೊಂಡು ಹೋಗುವುದು, ಮಾತ್ರೆ ಬಿಟ್ಟವರನ್ನು ಹುಡುಕುವುದು. ಕುಯ್ಲಿನ ಸಮಯದಲ್ಲಿ ಕೂಲಿ ಕಿಲೋ ಲೆಕ್ಕ. ಒಂದು ದಿನ ಮಡಿಕೇರಿಗೆ ಹೋಗಿ ಬಂದರೆ ಆ ದಿನದ ಸಂಬಳ ಹೋಯಿತು. ಮಳೆಗಾಲದಲ್ಲಿ ಕೆಲಸವೂ ಇಲ್ಲ, ಬಸ್ಸಿಗೆ ದುಡ್ಡೂ ಇಲ್ಲ. ಲೈನ್ ಮನೆಯ ಗೋಡೆ ಎಷ್ಟು ತೆಳು ಅಂತ ನಿಮಗೆ ಗೊತ್ತಿರಬಹುದು. ಡಬ್ಬಿಯೊಳಗೆ ಮಾತ್ರೆ ಅಲುಗಾಡುವ ಸದ್ದು ಪಕ್ಕದವರಿಗೆ ಕೇಳಬಾರದು ಅಂತ ಒಬ್ಬರು ಅದರಲ್ಲಿ ಹತ್ತಿ ತುರುಕಿ, ಅಕ್ಕಿ ಡಬ್ಬದೊಳಗೆ ಹೂತಿಡುತ್ತಿದ್ದರು. ಇಂಥವರನ್ನು ಮಾತ್ರೆಯ ಜೊತೆ ಹಿಡಿದಿಡುವುದಕ್ಕೆ ಮನುಷ್ಯರೇ ಬೇಕು. ತಿಂಗಳಿಗೆ ಮೂರು ಸಲ ಅದೇ ಮೆಟ್ಟಿಲ ಮೇಲೆ ಕೂತು, ಮೊದಲ ಎರಡು ಸಲ ಬರೀ ಮಳೆ, ಮಕ್ಕಳ ಸ್ಕೂಲು ಅಂತ ಮಾತಾಡಿ, ಮೂರನೇ ಸಲ ವಿಷಯಕ್ಕೆ ಬರುವಂಥವರು.

ಒಂದು ಮಾರ್ಚ್ ಕೊನೆಗೆ ಆ ಹಣ ಮುಗಿಯಿತು. ಸರ್ಕಾರ ಮುಂದುವರಿಸುತ್ತದೆ ಅಂತ ಹೇಳಿದ್ದರು. ಮಾತ್ರೆ, ಟೆಸ್ಟ್ ಎಲ್ಲ ಮುಂದುವರಿಯಿತು, ಅದು ದೊಡ್ಡ ವಿಷಯ, ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕಡೆ ಲೈನ್ ಮನೆಗೆ ಹೋಗುತ್ತಿದ್ದ ನಮ್ಮ ಕೆಲಸ ಅಲ್ಲಿಗೆ ನಿಂತಿತು. ಕರ್ನಾಟಕಕ್ಕೆ ಒಂದು ಕಾಲದಲ್ಲಿ ಕೆನಡಾ ಸರ್ಕಾರದ ಹಣ ಬಂತು, 2003ರಿಂದ ಗೇಟ್ಸ್ ಫೌಂಡೇಶನ್‌ನ ಎಚ್‌ಐವಿ ತಡೆ ಯೋಜನೆ ಆವಾಹನ್ ಬಂತು. ಎಲ್ಲದಕ್ಕೂ ಒಂದು ಕೊನೆ ತಾರೀಕು ಇತ್ತು. ಈ ಕಾಯಿಲೆಗೆ ಹಾಗಿಲ್ಲ ಅಲ್ವಾ, ಮಾತ್ರೆ ಜೀವನಪೂರ್ತಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಸುತ್ತ ರಸ್ತೆ ಬಂದ್ ಆದಾಗ ನಾನು ಕೆಲಸ ಬಿಟ್ಟು ವರ್ಷಗಳಾಗಿತ್ತು. ಆದರೂ ನನ್ನನ್ನು ತಾವಾಗಿ ಸಂಪರ್ಕದಲ್ಲಿ ಇಟ್ಟುಕೊಂಡಿದ್ದ ಒಂಬತ್ತು ಜನರಿಗೆ ಫೋನ್ ಮಾಡಿದೆ. ನಾಲ್ಕು ನಂಬರ್ ಹೋಗಲೇ ಇಲ್ಲ. ಇಬ್ಬರ ಹತ್ತಿರ ಒಂದು ವಾರದ ಮಾತ್ರೆ ಮಾತ್ರ ಇತ್ತು. ಅವರನ್ನು ಕೇಳಿಯೇ ಕೌನ್ಸೆಲರ್‌ಗೆ ತಿಳಿಸಿದೆ, ಅವರು ಹೇಗೋ ವ್ಯವಸ್ಥೆ ಮಾಡಿದರು. ಫೋನ್‌ಗೆ ಸಿಗದ ಆ ನಾಲ್ಕು ಮಂದಿ ನನಗೆ ಈಗಲೂ ನೆನಪಾಗುತ್ತಾರೆ.

ನಿಮ್ಮ ಅಮ್ಮನಿಗೆ ನೀವಿದ್ದೀರಿ. ಈ ವಾರವೇ ಅವರ ಜೊತೆ ಎಆರ್‌ಟಿ ಸೆಂಟರ್‌ಗೆ ಹೋಗಿ, ಚಿಕಿತ್ಸೆಯ ಪುಸ್ತಕ ಮತ್ತು ಉಳಿದ ಮಾತ್ರೆ ಎರಡನ್ನೂ ತಗೊಂಡು ಹೋಗಿ. ಎಷ್ಟು ದಿನ ಬಿಟ್ಟಿದ್ದಾರೆ ಅಂತ ಮುಚ್ಚಿಡದೆ ಹೇಳಲಿ, ಬೈದರೂ ಪರವಾಗಿಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಟೆಸ್ಟ್ ಯಾವಾಗ ಮಾಡಿಸಬೇಕು ಅಂತ ಕೇಳಿ, ಅದಕ್ಕೂ ದುಡ್ಡು ಕೊಡಬೇಕಿಲ್ಲ. ಮಳೆ ಶುರುವಾಗುವ ಮೊದಲು ಎರಡು ಮೂರು ತಿಂಗಳಿನದು ಒಟ್ಟಿಗೆ ಕೊಡಲು ಆಗುತ್ತದಾ ಅಂತಲೂ ವಿಚಾರಿಸಿ. ಅಲ್ಲಿಯವರೆಗೆ ಏನಾದರೂ ಕೇಳಬೇಕೆಂದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.