ಓದುಗರ ಪ್ರಶ್ನೆ, ಗ್ರಂಥಪಾಲಕರ ಉತ್ತರ: ಶಾಲಾ ಮಕ್ಕಳ ಮಾಹಿತಿ ಹುಡುಕಾಟಕ್ಕೆ ವಿಶ್ವವಿದ್ಯಾಲಯ ಗ್ರಂಥಾಲಯದ ನೆರವು

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಮಾಹಿತಿ ಹುಡುಕುವ ಬಗೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಲು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದವರು ಒಂದು ಗಂಟೆಯ ಆನ್‌ಲೈನ್ ತರಗತಿ ನಡೆಸಿಕೊಡುವುದಾಗಿ ತಿಳಿಸಿದ್ದಾರೆ. ಮಕ್ಕಳು ಈ ವರ್ಷ ಪ್ರಾಜೆಕ್ಟ್ ವರದಿ ಬರೆಯಬೇಕಾಗಿದೆ. ಒಂದೇ ಗಂಟೆಯಿಂದ ಏನಾದರೂ ಪ್ರಯೋಜನವಾದೀತೇ?

ಉತ್ತರ: ಆಗುತ್ತದೆ, ಆದರೆ ಆ ಗಂಟೆಯನ್ನು ಗ್ರಂಥಾಲಯದ ಪರಿಚಯ ಮಾಡಿಕೊಡುವುದರಲ್ಲೇ ಕಳೆಯಬಾರದು. ಎಷ್ಟು ಪುಸ್ತಕಗಳಿವೆ, ಯಾವ ಡೇಟಾಬೇಸ್‌ಗಳಿವೆ, ಯಾವ ಗುಂಡಿ ಒತ್ತಿದರೆ ಏನು ತೆರೆದುಕೊಳ್ಳುತ್ತದೆ ಎಂಬ ವಿವರಗಳು ಕೈಯಲ್ಲಿ ಪ್ರಶ್ನೆಯೇ ಇಲ್ಲದ ವಿದ್ಯಾರ್ಥಿಯ ತಲೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಪ್ರಾಜೆಕ್ಟ್ ವಿಷಯಗಳು ನಿಗದಿಯಾದ ನಂತರವೇ, ಬರವಣಿಗೆ ಶುರುವಾಗುವ ಮೊದಲು, ಈ ತರಗತಿಯನ್ನು ಇಟ್ಟುಕೊಳ್ಳಿ. ಮಕ್ಕಳು ಆರಿಸಿಕೊಂಡ ವಿಷಯಗಳ ಪಟ್ಟಿಯನ್ನು ಗ್ರಂಥಪಾಲಕರಿಗೆ ಮುಂಚೆಯೇ ಕಳುಹಿಸಿಕೊಡಿ.

ವಿಷಯವನ್ನು ಪ್ರಶ್ನೆಯಾಗಿಸುವುದು ಅತಿ ಕಷ್ಟದ ಕೆಲಸ, ಗ್ರಂಥಪಾಲಕರು ನಿಜವಾಗಿ ನೆರವಾಗಬಲ್ಲದ್ದೂ ಅಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬ ವಿದ್ಯಾರ್ಥಿ 'ಮೊಬೈಲ್ ಬಳಕೆಯ ದುಷ್ಪರಿಣಾಮಗಳು' ಎಂಬ ವಿಷಯವನ್ನು ತೆಗೆದುಕೊಂಡಿದ್ದಾನೆ ಎನ್ನೋಣ. ಈ ಶೀರ್ಷಿಕೆ ತನಿಖೆಗೆ ಮೊದಲೇ ತೀರ್ಪನ್ನು ಹೇಳಿಬಿಟ್ಟಿದೆ. 'ದುಷ್ಪರಿಣಾಮ' ಎಂಬ ಪದವನ್ನೇ ಹಾಕಿ ಹುಡುಕಿದರೆ ಅದನ್ನು ಒಪ್ಪುವ ಪುಟಗಳೇ ಸಾಲಾಗಿ ಬರುತ್ತವೆ, ಎಲ್ಲರೂ ಹೀಗೆಯೇ ಹೇಳುತ್ತಿದ್ದಾರೆಂದು ಹುಡುಗ ನಂಬುತ್ತಾನೆ. ಅದನ್ನೇ 'ಮಲಗುವ ಮುನ್ನ ಮೊಬೈಲ್ ನೋಡುವುದರಿಂದ ಹದಿಹರೆಯದವರ ನಿದ್ರೆಯ ಅವಧಿ ಕಡಿಮೆಯಾಗುತ್ತದೆಯೇ?' ಎಂದು ಬದಲಾಯಿಸಿದರೆ ಯಾರ ಬಗ್ಗೆ, ಯಾವ ಹೊತ್ತಿನ ಬಗ್ಗೆ, ಏನನ್ನು ಅಳೆಯುವ ಬಗ್ಗೆ ಹುಡುಕಬೇಕೆಂಬುದು ಸ್ಪಷ್ಟವಾಗುತ್ತದೆ, ಹೌದು ಮತ್ತು ಇಲ್ಲ ಎಂಬ ಎರಡೂ ಉತ್ತರಗಳಿಗೆ ಜಾಗ ಉಳಿಯುತ್ತದೆ. ಆಮೇಲೆ ಇದೇ ಸಂಗತಿಯನ್ನು ಸಂಶೋಧಕರು ಯಾವ ಪದಗಳಿಂದ ಕರೆಯುತ್ತಾರೆ ಎಂಬುದನ್ನು ಪಟ್ಟಿ ಮಾಡಿಸಬೇಕು, ಏಕೆಂದರೆ ವಿದ್ಯಾರ್ಥಿಯ ಪದ ಮತ್ತು ಲೇಖನದ ಪದ ಬೇರೆಯಾದಾಗ ಒಳ್ಳೆಯ ಆಕರ ಎದುರಿಗಿದ್ದರೂ ಸಿಗುವುದಿಲ್ಲ. ಇಷ್ಟನ್ನು ಮಕ್ಕಳು ತಮ್ಮ ತಮ್ಮ ವಿಷಯದ ಮೇಲೆ ಮಾಡಿ ನೋಡಿದರೆ ಆ ಒಂದು ಗಂಟೆ ಸಾರ್ಥಕ. ಸಾಧ್ಯವಾದರೆ ಕೆಲವು ವಾರಗಳ ನಂತರ, ಹುಡುಕಾಟದಲ್ಲಿ ದಾರಿ ಕಾಣದೆ ನಿಂತವರ ಸಲುವಾಗಿಯೇ, ಅರ್ಧ ಗಂಟೆಯ ಇನ್ನೊಂದು ಭೇಟಿಯನ್ನು ಕೇಳಿಕೊಳ್ಳಿ.

ಪ್ರಶ್ನೆ: ವಿಶ್ವವಿದ್ಯಾಲಯದ ಗ್ರಂಥಾಲಯ ಮಕ್ಕಳಿಗೆ ತರಬೇತಿ ನೀಡಿತು, ಆದರೆ ಅಲ್ಲಿನ ಆನ್‌ಲೈನ್ ಸಂಶೋಧನಾ ಪತ್ರಿಕೆಗಳನ್ನು ಓದಲು ನನ್ನ ಮಗಳಿಗೆ ಲಾಗಿನ್ ಕೊಡಲಿಲ್ಲ. ಹಾಗಾದರೆ ಈ ತರಬೇತಿಯ ಅರ್ಥವೇನು?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಬಾಗಿಲು ಮುಚ್ಚಿರುವುದು ಗ್ರಂಥಪಾಲಕರ ಮನಸ್ಸಿನಿಂದಲ್ಲ. ಆನ್‌ಲೈನ್ ಪತ್ರಿಕೆಗಳಿಗೆ ಗ್ರಂಥಾಲಯ ಚಂದಾ ಕಟ್ಟುವಾಗ ಪ್ರಕಾಶಕರೊಂದಿಗೆ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕುತ್ತದೆ. ಹೊರಗಿನಿಂದ ಲಾಗಿನ್ ಆಗುವ ಹಕ್ಕು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಸೀಮಿತವಾಗಿರುತ್ತದೆ. ಅನೇಕ ಒಪ್ಪಂದಗಳು ಗ್ರಂಥಾಲಯಕ್ಕೆ ಖುದ್ದಾಗಿ ಬಂದವರಿಗೆ ಅಲ್ಲಿನ ಕಂಪ್ಯೂಟರಿನಲ್ಲಿ ಓದಲು ಅವಕಾಶ ಕೊಡುತ್ತವೆ, ಆದ್ದರಿಂದ ಅದನ್ನು ಒಮ್ಮೆ ವಿಚಾರಿಸಿ.

ಅದಕ್ಕಿಂತ ಮುಖ್ಯವಾಗಿ, ಶಾಲಾ ಪ್ರಾಜೆಕ್ಟಿಗೆ ಬೇಕಾಗುವಷ್ಟು ಸಂಶೋಧನಾ ಬರಹ ಈಗ ಮುಕ್ತವಾಗಿಯೇ ದೊರೆಯುತ್ತದೆ. ಸಂಶೋಧನಾ ಲೇಖನಗಳು ಎಲ್ಲರಿಗೂ ಉಚಿತವಾಗಿ ಸಿಗಬೇಕೆಂಬ ಬುಡಾಪೆಸ್ಟ್ ಘೋಷಣೆ ಹೊರಬಂದದ್ದು 2002ರಲ್ಲಿ; ಮರುವರ್ಷವೇ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಮುಕ್ತ ಪತ್ರಿಕೆಗಳ ಸೂಚಿಯಾದ 'ಡಿಒಎಜೆ' ಆರಂಭವಾಯಿತು. ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಬಲಬದಿಗೆ ಪಿಡಿಎಫ್ ಕೊಂಡಿ ಕಾಣಿಸಿದರೆ ಬಹುಪಾಲು ಅದನ್ನು ಉಚಿತವಾಗಿ ಓದಬಹುದು, ಕಾಣಿಸದಿದ್ದರೆ 'ಎಲ್ಲ ಆವೃತ್ತಿಗಳು' ಎಂಬುದನ್ನು ತೆರೆದು ನೋಡಬೇಕು. ಪೂರ್ತಿ ಲೇಖನ ಮಗಳಿಗೆ ಕಠಿಣವೆನಿಸಿದರೆ ಸಾರಾಂಶವನ್ನೂ ಕೊನೆಯ ಚರ್ಚೆಯ ಭಾಗವನ್ನೂ ಮೊದಲು ಓದಲಿ. ಗ್ರಂಥಾಲಯದ ಲಾಗಿನ್ ಅಲ್ಲಿ ಪದವಿ ಮುಗಿಯುವವರೆಗಷ್ಟೇ ಇರುತ್ತದೆ, ಮುಕ್ತ ಆಕರಗಳನ್ನು ಹುಡುಕುವ ಅಭ್ಯಾಸಕ್ಕೆ ಅಂಥ ಅವಧಿಯಿಲ್ಲ.

ಪ್ರಶ್ನೆ: ಒಂದು ಜಾಲತಾಣ ನಂಬಿಕೆಗೆ ಅರ್ಹವೇ ಎಂದು ನೋಡಲು ನಮಗೊಂದು ಪ್ರಶ್ನಾವಳಿ ಕೊಟ್ಟಿದ್ದಾರೆ. ದಿನಾಂಕ ಇದೆಯೇ, ಲೇಖಕರ ಹೆಸರಿದೆಯೇ, ವಿಳಾಸ 'ಡಾಟ್ ಆರ್ಗ್' ಎಂದು ಮುಗಿಯುತ್ತದೆಯೇ ಎಂದೆಲ್ಲ ಗುರುತು ಹಾಕುತ್ತೇನೆ. ಆದರೂ ಅನುಮಾನ ಹೋಗುವುದಿಲ್ಲ. (ಒಬ್ಬ ವಿದ್ಯಾರ್ಥಿನಿ)

ಉತ್ತರ: ನಿನ್ನ ಅನುಮಾನ ಸರಿಯಾಗಿಯೇ ಇದೆಯಮ್ಮ, ಅದನ್ನು ಬಿಡಬೇಡ. ಇಂಥ ಪ್ರಶ್ನಾವಳಿಗಳಲ್ಲಿ ಬಹಳ ಪ್ರಸಿದ್ಧವಾದದ್ದು 2004ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ನಗರದ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ ರೂಪುಗೊಂಡಿತು. ಹೊಸತನ, ಪ್ರಸ್ತುತತೆ, ಲೇಖಕರ ಅಧಿಕಾರ, ನಿಖರತೆ, ಉದ್ದೇಶ ಎಂಬ ಐದು ಅಂಶಗಳನ್ನು ಅದು ಕೇಳುತ್ತದೆ. ಕೇಳುವುದೇನೋ ಒಳ್ಳೆಯದನ್ನೇ, ಆದರೆ ಉತ್ತರವನ್ನು ಅದೇ ಪುಟದೊಳಗೆ ಹುಡುಕುವುದು ರೂಢಿಯಾಗಿಬಿಟ್ಟಿದೆ. ಮೋಸ ಮಾಡಬೇಕೆಂದಿರುವವರು ದಿನಾಂಕವನ್ನೂ ಹಾಕುತ್ತಾರೆ, ಗಂಭೀರವಾದ ಹೆಸರನ್ನೂ ಇಟ್ಟುಕೊಳ್ಳುತ್ತಾರೆ. 'ಡಾಟ್ ಆರ್ಗ್' ವಿಳಾಸವನ್ನು ಯಾರು ಬೇಕಾದರೂ ಹಣ ಕೊಟ್ಟು ನೋಂದಾಯಿಸಿಕೊಳ್ಳಬಹುದು.

ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರು 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿನಿರತ ಸತ್ಯಪರಿಶೀಲಕರು ಹಾಗೂ 25 ಮಂದಿ ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಗಳನ್ನು ಕೂರಿಸಿ ಮಕ್ಕಳ ವೈದ್ಯರ ಎರಡು ಸಂಸ್ಥೆಗಳ ಜಾಲತಾಣಗಳನ್ನು ತೋರಿಸಿದರು. ಒಂದು 1930ರಲ್ಲಿ ಹುಟ್ಟಿದ, ಹತ್ತಾರು ಸಾವಿರ ಸದಸ್ಯರಿರುವ ಸಂಸ್ಥೆ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದುಹೋದ ಸಣ್ಣ ಗುಂಪು. ಎರಡರ ಪುಟಗಳೂ ನೋಡಲು ಅಷ್ಟೇ ಅಚ್ಚುಕಟ್ಟಾಗಿದ್ದವು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಸಣ್ಣ ಗುಂಪಿನದೇ ಹೆಚ್ಚು ನಂಬಲರ್ಹವೆಂದರು, ಇತಿಹಾಸಕಾರರಲ್ಲೂ ಒಮ್ಮತ ಮೂಡಲಿಲ್ಲ. ಸತ್ಯಪರಿಶೀಲಕರು ಮಾತ್ರ ಎಲ್ಲರೂ ಹಳೆಯ ಸಂಸ್ಥೆಯತ್ತ ಬೆರಳು ತೋರಿಸಿದರು. ಅವರು ಪುಟವನ್ನು ಮೇಲಿನಿಂದ ಕೆಳಗೆ ಓದುತ್ತ ಕೂರಲಿಲ್ಲ. ಬೇರೆ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಇತರರು ಏನು ಬರೆದಿದ್ದಾರೆಂದು ನೋಡಿ, ಆಮೇಲೆ ಹಿಂದಿರುಗಿದರು. ಹೆಣ್ಣು ಕೊಡುವವರು ಗಂಡಿನ ಬಗ್ಗೆ ಅವನ ಮನೆಯವರನ್ನಲ್ಲದೆ ಊರಿನವರನ್ನೂ ವಿಚಾರಿಸುವಂತೆ, ಜಾಲತಾಣದ ಗುಣವನ್ನು ಅದರ ಹೊರಗೆ ವಿಚಾರಿಸಬೇಕು.

ನೀನು ಹೀಗೆ ಮಾಡು. ಪುಟ ತೆರೆದ ಕೂಡಲೇ ಓದಲು ತೊಡಗದೆ, ಸಂಸ್ಥೆಯ ಅಥವಾ ಲೇಖಕರ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹೊಸ ಟ್ಯಾಬಿನಲ್ಲಿ ಹುಡುಕು. ಅವರದೇ ಪುಟಗಳನ್ನು ಬಿಟ್ಟು ಬೇರೆಯವರು ಬರೆದದ್ದನ್ನು ಎರಡು ಮೂರು ಕಡೆ ನೋಡು. ವಿಕಿಪೀಡಿಯವನ್ನು ವರದಿಯಲ್ಲಿ ಉಲ್ಲೇಖಿಸಲು ಶಿಕ್ಷಕರು ಒಪ್ಪದಿರಬಹುದು, ಆದರೆ ಸಂಸ್ಥೆಯೊಂದರ ಹಿನ್ನೆಲೆ ತಿಳಿಯಲು ಮತ್ತು ಲೇಖನದ ಕೆಳಗಿರುವ ಆಕರಗಳನ್ನು ಹಿಡಿದು ಮುಂದೆ ಹೋಗಲು ಅದು ಚೆನ್ನಾಗಿ ಒದಗುತ್ತದೆ. ಅಂಕಿಅಂಶ ಕಂಡರೆ ಅದನ್ನು ಮೊದಲು ಹೇಳಿದವರು ಯಾರೆಂದು ಹಿಂದಕ್ಕೆ ಹುಡುಕುತ್ತ ಹೋಗು. ಎಷ್ಟೋ ಸಲ ಮೂಲ ವರದಿಯಲ್ಲಿರುವುದೇ ಬೇರೆಯಾಗಿರುತ್ತದೆ.

ಪ್ರಶ್ನೆ: ಚಾಟ್‌ಬಾಟ್ ಕೇಳಿದೊಡನೆ ಆಕರಗಳ ಪಟ್ಟಿ ಕೊಡುತ್ತದೆ. ಅದನ್ನೇ ಬಳಸಬಹುದೇ?

ಉತ್ತರ: ಪ್ರತಿಯೊಂದನ್ನೂ ತೆರೆದು ನೋಡದೆ ಬಳಸಬಾರದು. ಈ ಯಂತ್ರಗಳು ಒಂದು ಪದದ ಮುಂದೆ ಯಾವ ಪದ ಬರಬಹುದೆಂಬ ಸಂಭಾವ್ಯತೆಯ ಮೇಲೆ ವಾಕ್ಯ ಕಟ್ಟುತ್ತವೆ. ಆದ್ದರಿಂದ ಇಲ್ಲದ ಲೇಖನಕ್ಕೂ ಇರುವಂತೆಯೇ ತೋರುವ ಲೇಖಕರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲವೂ ಹುಟ್ಟಿಕೊಳ್ಳಬಹುದು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ಚಾಟ್‌ಜಿಪಿಟಿ ಸೃಷ್ಟಿಸಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕಾಗಿ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಲೇಖನಕ್ಕೆ 10ರಿಂದ ಆರಂಭವಾಗುವ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆಯಿದ್ದರೆ ಅದನ್ನು ಡಿಒಐ ಜಾಲತಾಣದಲ್ಲಿ ಹಾಕಿ ನೋಡಿ. ತೆರೆದುಕೊಂಡ ಲೇಖನದ ಶೀರ್ಷಿಕೆ ಪಟ್ಟಿಯಲ್ಲಿರುವ ಶೀರ್ಷಿಕೆಗೆ ಹೊಂದುತ್ತದೆಯೇ ಎಂಬುದನ್ನೂ ಗಮನಿಸಿ, ಏಕೆಂದರೆ ಸಂಖ್ಯೆ ನಿಜವಾಗಿದ್ದು ಲೇಖನ ಬೇರೆಯಾಗಿರುವುದೂ ಉಂಟು.

ಪ್ರಶ್ನೆ: ನಾವು ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಶಾಲೆಗಳಿಗಾಗಿ ಇಂಥ ಆನ್‌ಲೈನ್ ಕಾರ್ಯಕ್ರಮ ಆರಂಭಿಸಲಿದ್ದೇವೆ. ಮೊದಲು ಯಾವುದರತ್ತ ಗಮನ ಕೊಡಬೇಕು?

ಉತ್ತರ: ಎದುರಿಗಿರುವವರು ಅಪ್ರಾಪ್ತ ವಯಸ್ಸಿನವರು ಎಂಬುದರತ್ತ. ಶಾಲೆಯ ಶಿಕ್ಷಕರು ತರಗತಿಯುದ್ದಕ್ಕೂ ಹಾಜರಿರಲಿ, ಕ್ಯಾಮೆರಾ ಹಾಕಬೇಕೆಂಬ ಒತ್ತಾಯ ಬೇಡ, ಮಕ್ಕಳ ಹೆಸರು ಮತ್ತು ಮುಖ ಉಳಿಯುವಂತೆ ರೆಕಾರ್ಡಿಂಗ್ ಮಾಡಬೇಡಿ, ಹೊಸ ಖಾತೆ ತೆರೆಯಬೇಕಾದ ಸಾಧನಗಳನ್ನು ಆದಷ್ಟು ದೂರವಿಡಿ. ಕಲಿಕಾ ಪುಟಗಳು ಸಣ್ಣ ಮೊಬೈಲಿನಲ್ಲಿಯೂ ನಿಧಾನಗತಿಯ ಇಂಟರ್ನೆಟ್ಟಿನಲ್ಲಿಯೂ ತೆರೆಯುತ್ತವೆಯೇ ಎಂದು ನೀವೇ ಪರೀಕ್ಷಿಸಿ ನೋಡಿ. ಹತ್ತು ನಿಮಿಷದ ವಿಡಿಯೋಗಿಂತ ಚಿತ್ರಸಹಿತವಾದ ಒಂದು ಪುಟದ ಬರಹ ಹೆಚ್ಚು ಮಕ್ಕಳನ್ನು ತಲುಪುತ್ತದೆ. ಕಾರ್ಯಕ್ರಮದ ಫಲವನ್ನು 'ಇಷ್ಟವಾಯಿತೇ?' ಎಂಬ ಪ್ರಶ್ನೆಯಿಂದ ಅಳೆಯಬೇಡಿ. ಶಾಲೆಯ ಒಪ್ಪಿಗೆ ಪಡೆದು, ವಿದ್ಯಾರ್ಥಿಗಳ ಹೆಸರು ತೆಗೆದ ಪ್ರಾಜೆಕ್ಟ್ ವರದಿಗಳ ಆಕರ ಪಟ್ಟಿಗಳನ್ನು ಶಿಕ್ಷಕರೊಂದಿಗೆ ಕುಳಿತು ಓದಿ: ಕೊಂಡಿಗಳು ತೆರೆಯುತ್ತವೆಯೇ, ಒಂದೇ ಪುಟದ ಮೇಲೆ ಇಡೀ ವರದಿ ನಿಂತಿದೆಯೇ, ತನ್ನ ಊಹೆಗೆ ವಿರುದ್ಧವಾದ ಆಕರವನ್ನೂ ವಿದ್ಯಾರ್ಥಿ ಸೇರಿಸಿಕೊಂಡಿದ್ದಾನೆಯೇ ಎಂಬುದು ಅಲ್ಲಿ ಕಾಣುತ್ತದೆ, ಮುಂದಿನ ತರಗತಿಯಲ್ಲಿ ಏನನ್ನು ಕಲಿಸಬೇಕೆಂಬುದೂ ಅದರಿಂದಲೇ ತಿಳಿಯುತ್ತದೆ.