ಅದೇ ತೋಳು, ಅದೇ ಯಂತ್ರ. ಬಿಪಿ ಮಾತ್ರ ಪ್ರತಿ ಸಲ ಬೇರೆ ಏಕೆ?

ಪ್ರಶ್ನೆ: ವೈದ್ಯರಿಗೆ ನಮಸ್ಕಾರಗಳು. ನನಗೆ 64 ವರ್ಷ, ನಿವೃತ್ತ ಶಿಕ್ಷಕ. ಎರಡು ವರ್ಷಗಳಿಂದ ಬೆಳಿಗ್ಗೆ ಒಂದು ಆಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದೀಪಾವಳಿಗೆ ಊರಿಗೆ ಬಂದ ಮಗ ಬಿಪಿ ನೋಡುವ ಯಂತ್ರವೊಂದನ್ನು ತಂದುಕೊಟ್ಟ. ಅಂದಿನಿಂದ ನೆಮ್ಮದಿ ಹೋಗಿದೆ. ಬೆಳಿಗ್ಗೆ ಎದ್ದ ಕೂಡಲೇ ಮಂಚದ ಅಂಚಿನಲ್ಲಿ ಕುಳಿತು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರೆ 158/92. ನಂಬಿಕೆ ಬಾರದೆ ಮತ್ತೆ ಒತ್ತಿದರೆ 149/88, ಮೂರನೆಯ ಸಲ 142/86. ಸಂಜೆ ವಾಕಿಂಗ್ ಮುಗಿಸಿ ಬಂದ ಮೇಲೆ 124/76. ಅದೇ ಹೊತ್ತಿಗೆ ಪಕ್ಕದ ಮನೆಯವರ ಯಂತ್ರದಲ್ಲಿ 133/80. ನಮ್ಮ ವೈದ್ಯರ ಬಳಿ ಹೋದರೆ 150/90. ಇವುಗಳಲ್ಲಿ ಯಾವುದನ್ನು ನಂಬಲಿ? ಯಂತ್ರ ಕೆಟ್ಟಿದೆಯೇ? ಸಂಜೆ ಕಡಿಮೆ ಬಂದರೆ ಮರುದಿನ ಅರ್ಧ ಮಾತ್ರೆಯನ್ನಷ್ಟೇ ನುಂಗುತ್ತಿದ್ದೇನೆ, ಅದು ಸರಿಯೇ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಸಂಖ್ಯೆಗಳ ಏರಿಳಿತಕ್ಕಿಂತ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಅದು. ದಯವಿಟ್ಟು ಮಾತ್ರೆಯನ್ನು ಅರ್ಧ ಮಾಡುವುದನ್ನು ಇಂದೇ ನಿಲ್ಲಿಸಿ, ವೈದ್ಯರು ಬರೆದುಕೊಟ್ಟಷ್ಟನ್ನೇ ದಿನವೂ ತೆಗೆದುಕೊಳ್ಳಿ. ಆಮ್ಲೋಡಿಪಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುವ ಔಷಧ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆಗಳು ಬೇಕು, ನಿತ್ಯವೂ ತೆಗೆದುಕೊಂಡರೂ ಅದು ಒಂದು ಸ್ಥಿರ ಮಟ್ಟಕ್ಕೆ ಬರಲು ಸುಮಾರು ಒಂದು ವಾರ ಹಿಡಿಯುತ್ತದೆ. ಹೀಗಿರುವಾಗ ನಿನ್ನೆ ಸಂಜೆಯ 124ನ್ನು ನೋಡಿ ಇಂದು ಬೆಳಿಗ್ಗೆ ಅರ್ಧ ನುಂಗಿದರೆ ಅದರ ಪರಿಣಾಮ ಇಂದು ಕಾಣುವುದಿಲ್ಲ. ಮುಂದಿನ ಕೆಲವು ದಿನಗಳಲ್ಲಿ, ನೀವು ಮರೆತೇಬಿಟ್ಟಿರುವ ಹೊತ್ತಿನಲ್ಲಿ, ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲದೆ ಆ ಸಂಜೆ ಒತ್ತಡ ಇಳಿದಿದ್ದರಲ್ಲಿ ನಿಮ್ಮ ವಾಕಿಂಗ್‌ನ ಪಾಲೂ ಇದೆ. ನಡಿಗೆಯಂತಹ ವ್ಯಾಯಾಮ ಮುಗಿದ ಮೇಲೆ ರಕ್ತನಾಳಗಳು ಸಡಿಲಗೊಂಡು ಕೆಲವು ಗಂಟೆಗಳ ಕಾಲ ಒತ್ತಡ ತಗ್ಗಿರುತ್ತದೆ. ಅದು ಒಳ್ಳೆಯ ಸೂಚನೆಯೇ ಹೌದು, ಆದರೆ ಮಾತ್ರೆ ಹೆಚ್ಚಾಯಿತು ಎಂಬುದಕ್ಕೆ ಸಾಕ್ಷಿಯಲ್ಲ.

ಇನ್ನು ಯಂತ್ರದ ವಿಷಯ. ನೀವು ಬರೆದ ಸಂಖ್ಯೆಗಳಿಂದ ಅದು ಕೆಟ್ಟಿದೆ ಎಂದು ಹೇಳಲು ಆಧಾರವಿಲ್ಲ. ರಕ್ತದೊತ್ತಡವೆಂಬುದು ಎತ್ತರ ಅಥವಾ ತೂಕದಂತೆ ಬೆಳಿಗ್ಗೆ ಅಳೆದರೂ ಸಂಜೆ ಅಳೆದರೂ ಹೆಚ್ಚುಕಡಿಮೆ ಒಂದೇ ಆಗಿರುವ ಅಳತೆಯಲ್ಲ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ, ಪ್ರತಿ ಬಡಿತದ ಒತ್ತಡವೂ ಹಿಂದಿನದಕ್ಕಿಂತ ತುಸು ಬೇರೆಯಾಗಿರುತ್ತದೆ. ಉಸಿರು ಎಳೆದಾಗ ಒಂದು, ಬಿಟ್ಟಾಗ ಇನ್ನೊಂದು. ನಿದ್ದೆಯಲ್ಲಿ ಸಾಮಾನ್ಯವಾಗಿ ಅದು ಶೇ 10ರಿಂದ 20ರಷ್ಟು ಇಳಿಯುತ್ತದೆ, ಏಳುವ ಹೊತ್ತಿಗೆ ಮತ್ತೆ ಏರತೊಡಗುತ್ತದೆ. ಎದ್ದ ಕೂಡಲೇ ಮೂತ್ರಕ್ಕೂ ಹೋಗದೆ ಮಂಚದಲ್ಲೇ ಅಳೆದಿದ್ದರೆ ತುಂಬಿದ ಮೂತ್ರಕೋಶವೂ ತನ್ನ ಪಾಲನ್ನು ಸೇರಿಸಿರುತ್ತದೆ. ದೀಪಾವಳಿಯ ನಂತರ ಬೆಳಗಿನ ಚಳಿಯೂ ಆರಂಭವಾಯಿತು. ಚಳಿಗೆ ಚರ್ಮದ ರಕ್ತನಾಳಗಳು ಬಿಗಿಯಾಗುವುದರಿಂದ ಬೇಸಿಗೆಗಿಂತ ಚಳಿಗಾಲದಲ್ಲಿ ಬಹುತೇಕರ ಒತ್ತಡ ಸ್ವಲ್ಪ ಮೇಲಿರುತ್ತದೆ. ನಿಮ್ಮ 158ರಲ್ಲಿ ಇವೆಲ್ಲವೂ ಸೇರಿವೆ.

ಆಮೇಲೆ ಅದು 149ಕ್ಕೂ 142ಕ್ಕೂ ಇಳಿದದ್ದೇಕೆ? ಮೊದಲ ಅಳತೆ ಹೆಚ್ಚು ಬರುವುದು, ಎರಡನೆಯದು, ಮೂರನೆಯದು ಇಳಿಯುತ್ತ ಹೋಗುವುದು ಬಹಳ ಜನರಲ್ಲಿ ಕಾಣುವ ಸಂಗತಿ. ಪಟ್ಟಿ ತೋಳನ್ನು ಬಿಗಿಯುವಾಗ ಆಗುವ ಕಿರಿಕಿರಿ, ಎಷ್ಟು ಬರುವುದೋ ಎಂಬ ಆತಂಕ, ಆಗತಾನೇ ಎದ್ದು ಕುಳಿತ ಚಲನೆ, ಇವೆಲ್ಲ ಕುಳಿತಂತೆ ಶಮನವಾಗುತ್ತವೆ. ಈ ಕಾರಣಕ್ಕಾಗಿಯೇ ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕೆಂದು ಹೇಳುತ್ತೇವೆ. ಸುಮ್ಮನೆ ಎಂದರೆ ನಿಜವಾಗಿಯೂ ಸುಮ್ಮನೆ: ಮಾತಿಲ್ಲ, ಟಿವಿ ಇಲ್ಲ, ಕೈಯಲ್ಲಿ ಮೊಬೈಲ್ ಇಲ್ಲ. ಅಳತೆಯ ನಡುವೆ ಮಾತನಾಡಿದರೆ ಸಾಕು, ಮೇಲಿನ ಸಂಖ್ಯೆ 10ರಷ್ಟು ಏರಬಹುದು. ಮನೆಯವರು ‘ಎಷ್ಟು ಬಂತು’ ಎಂದು ಕೇಳಿ, ನೀವು ‘ಇನ್ನೂ ಆಗಿಲ್ಲ’ ಎಂದು ಉತ್ತರಿಸಿದರೆ ಅದೂ ಮಾತೇ.

ತೊಡೆಯ ಮೇಲಿಟ್ಟ ಕೈಯ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ನಾನು ನೋಡುವ ರೋಗಿಗಳಲ್ಲಿ ಹೆಚ್ಚಿನವರು ತಿಳಿಯದೆ ಮಾಡುವ ತಪ್ಪು ಇದು. ತೋಳಿನ ಪಟ್ಟಿ ಹೃದಯದ ಮಟ್ಟದಲ್ಲಿರಬೇಕು. ಬಾವಿಯ ನೀರಿನಲ್ಲಿ ಕೆಳಗೆ ಹೋದಷ್ಟೂ ಒತ್ತಡ ಹೆಚ್ಚುವಂತೆ, ತೋಳು ಹೃದಯಕ್ಕಿಂತ ಕೆಳಗಿದ್ದಷ್ಟೂ ಅಲ್ಲಿನ ರಕ್ತನಾಳದ ಮೇಲೆ ಮೇಲಿನ ರಕ್ತದ ಭಾರ ಸೇರಿಕೊಳ್ಳುತ್ತದೆ. 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 7ರಿಂದ 8 ಅಂಕಗಳಷ್ಟು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 133 ವಯಸ್ಕರಲ್ಲಿ ಇದನ್ನೇ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಮೇಜಿನ ಮೇಲೆ ಕೈ ಇಟ್ಟು ಅಳೆದುದಕ್ಕೆ ಹೋಲಿಸಿದರೆ, ಕೈ ತೊಡೆಯ ಮೇಲಿದ್ದಾಗ ಮೇಲಿನ ಮತ್ತು ಕೆಳಗಿನ ಸಂಖ್ಯೆಗಳೆರಡೂ ಸರಾಸರಿ 4ರಷ್ಟು ಹೆಚ್ಚಾಗಿ ಬಂದವು. ಕೈಯನ್ನು ಪಕ್ಕಕ್ಕೆ ಇಳಿಬಿಟ್ಟಾಗ ಮೇಲಿನದು 6.5ರಷ್ಟು ಹೆಚ್ಚಾಗಿತ್ತು. 4 ಎಂಬುದು ಚಿಕ್ಕದಾಗಿ ಕಾಣಬಹುದು. ಆದರೆ ಗಡಿಯ ಆಸುಪಾಸಿನಲ್ಲಿರುವವರಿಗೆ ಮಾತ್ರೆ ಬೇಕೋ ಬೇಡವೋ ಎಂಬ ತೀರ್ಮಾನವೇ ಅಷ್ಟರಲ್ಲಿ ಬದಲಾಗಿಬಿಡುತ್ತದೆ. ಮಂಚದ ಅಂಚಿನಲ್ಲಿ ಬೆನ್ನಿಗೂ ಆಸರೆ ಇರುವುದಿಲ್ಲ, ಕಾಲು ಜೋತಾಡುತ್ತಿರುತ್ತದೆ ಅಥವಾ ಕಾಲ ಮೇಲೆ ಕಾಲು ಬಂದಿರುತ್ತದೆ, ಇವೂ ಸಂಖ್ಯೆಯನ್ನು ಏರಿಸುತ್ತವೆ. ಊಟದ ಮೇಜು ಮತ್ತು ಬೆನ್ನಿಗೆ ಒರಗು ಇರುವ ಕುರ್ಚಿ ಇದ್ದರೆ ಅದೇ ಸರಿಯಾದ ಜಾಗ. ಮೇಜು ತಗ್ಗಾಗಿದ್ದರೆ ತೋಳಿನ ಕೆಳಗೊಂದು ದಿಂಬು ಇಟ್ಟುಕೊಳ್ಳಿ.

ಪಟ್ಟಿಯ ಅಳತೆಯನ್ನೂ ಒಮ್ಮೆ ನೋಡಿಕೊಳ್ಳಿ. ದರ್ಜಿಯ ಟೇಪಿನಿಂದ ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ತೆಗೆದು, ಪಟ್ಟಿಯ ಮೇಲೆ ಮುದ್ರಿಸಿರುವ ಮಿತಿಯೊಳಗೆ ಅದು ಬರುತ್ತದೆಯೇ ಎಂದು ಪರಿಶೀಲಿಸಿ. ಯಂತ್ರದ ಜೊತೆ ಬರುವ ಸಾಮಾನ್ಯ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಹೊಂದುವಂಥದ್ದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಅತಿ ದಪ್ಪ ತೋಳಿನವರಲ್ಲಿ ಈ ತಪ್ಪು 20 ಅಂಕಗಳವರೆಗೂ ಹೋಗಬಲ್ಲದು. ಪಟ್ಟಿಯನ್ನು ಬರಿಯ ಚರ್ಮದ ಮೇಲೆ ಸುತ್ತಬೇಕು. ಸ್ವೆಟರಿನ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಬಿಗಿ ಮಾಡಿಕೊಳ್ಳುವುದು ಬೇಡ, ಅದರ ಬದಲು ತೋಳನ್ನು ಪೂರ್ತಿ ಹೊರತೆಗೆಯಿರಿ.

ಪಕ್ಕದ ಮನೆಯವರ ಯಂತ್ರ 9 ಅಂಕ ಹೆಚ್ಚು ತೋರಿಸಿದ್ದರ ಹಿಂದೆ ಯಂತ್ರಗಳು ಕೆಲಸ ಮಾಡುವ ಬಗೆಯೇ ಇದೆ. ವೈದ್ಯರು ಸ್ಟೆತಸ್ಕೋಪ್ ಇಟ್ಟು ಕೇಳುವುದು ರಕ್ತನಾಳದ ಸದ್ದನ್ನು. ಆ ವಿಧಾನವನ್ನು ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ವಿವರಿಸಿದರು. ಮನೆಯಲ್ಲಿ ಬಳಸುವ ಯಂತ್ರಕ್ಕೆ ಆ ಸದ್ದು ಬೇಕಿಲ್ಲ. ಪಟ್ಟಿಯ ಗಾಳಿ ಇಳಿಯುವಾಗಲೋ ಏರುವಾಗಲೋ ನಾಡಿಬಡಿತದಿಂದ ಪಟ್ಟಿಯೊಳಗೆ ಏಳುವ ಸಣ್ಣ ಕಂಪನಗಳನ್ನು ಅದು ಗುರುತಿಸುತ್ತದೆ. ಕಂಪನ ಅತಿ ಹೆಚ್ಚಾಗುವ ಬಿಂದು ಸರಾಸರಿ ಒತ್ತಡಕ್ಕೆ ಹತ್ತಿರವಾಗಿರುತ್ತದೆ; ಪರದೆಯ ಮೇಲೆ ಕಾಣುವ ಮೇಲಿನ ಮತ್ತು ಕೆಳಗಿನ ಸಂಖ್ಯೆಗಳನ್ನು ಯಂತ್ರ ಅಲ್ಲಿಂದ ಲೆಕ್ಕ ಹಾಕಿ ಹೇಳುತ್ತದೆ. ಆ ಲೆಕ್ಕದ ಸೂತ್ರ ಒಬ್ಬೊಬ್ಬ ತಯಾರಕರದು ಒಂದೊಂದು. ಯಂತ್ರಗಳ ನಿಖರತೆಗೆ ಇರುವ ಅಂತರರಾಷ್ಟ್ರೀಯ ಮಾನದಂಡವು ಕನಿಷ್ಠ 85 ಜನರಲ್ಲಿ ಪರೀಕ್ಷೆ ಮಾಡಿ, ಸರಾಸರಿ ವ್ಯತ್ಯಾಸ 5 ಅಂಕಗಳನ್ನು ಮೀರಬಾರದೆಂದು ಕೇಳುತ್ತದೆ. ಇದು ಗುಂಪಿನ ಸರಾಸರಿ. ಒಬ್ಬ ವ್ಯಕ್ತಿಯಲ್ಲಿ ಉತ್ತೀರ್ಣವಾದ ಎರಡು ಯಂತ್ರಗಳ ನಡುವೆಯೂ ಹತ್ತರ ಹತ್ತಿರ ಅಂತರ ಬರಬಹುದು. ಆದ್ದರಿಂದ ಯಂತ್ರ ಬದಲಿಸುತ್ತ ಹೋಗಬೇಡಿ. ಮುಂದಿನ ಭೇಟಿಗೆ ನಿಮ್ಮ ಯಂತ್ರವನ್ನೇ ವೈದ್ಯರ ಬಳಿಗೆ ಒಯ್ದು, ಅವರ ಉಪಕರಣದ ಜೊತೆ ಎರಡು ಮೂರು ಸಲ ಹೋಲಿಸಿ ನೋಡಿ, ವರ್ಷಕ್ಕೊಮ್ಮೆ ಹಾಗೆ ಮಾಡಿ. ಆ ದಿನವೇ ಎರಡೂ ತೋಳುಗಳಲ್ಲಿ ಅಳೆಯಲು ಕೇಳಿಕೊಳ್ಳಿ. ಒಂದು ತೋಳಿನಲ್ಲಿ ಯಾವಾಗಲೂ ಹೆಚ್ಚು ಬರುತ್ತಿದ್ದರೆ ಮನೆಯಲ್ಲಿ ಆ ತೋಳನ್ನೇ ಬಳಸಬೇಕು. ಅಂತರ 10ಕ್ಕಿಂತ ಹೆಚ್ಚಾಗಿ ಹಾಗೆಯೇ ಉಳಿದರೆ ಅದನ್ನು ವೈದ್ಯರು ಪ್ರತ್ಯೇಕವಾಗಿ ಗಮನಿಸಬೇಕಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಯಾವುದನ್ನು ನಂಬಬೇಕು? ಅವುಗಳಲ್ಲಿ ಯಾವ ಒಂದನ್ನೂ ಅಲ್ಲ. ಸರಿಯಾದ ಕ್ರಮದಲ್ಲಿ ತೆಗೆದ ಹಲವು ಅಳತೆಗಳ ಸರಾಸರಿಯೇ ನಿಮ್ಮ ಬಿಪಿ. ಒಂದು ವಾರ ಹೀಗೆ ಮಾಡಿ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ, ತಿಂಡಿ ಮತ್ತು ಮಾತ್ರೆಗೆ ಮೊದಲು, ಐದು ನಿಮಿಷ ಕುಳಿತ ನಂತರ ಒಂದು ಅಳತೆ. ಒಂದು ನಿಮಿಷ ಬಿಟ್ಟು ಇನ್ನೊಂದು. ರಾತ್ರಿ ಊಟಕ್ಕೆ ಮೊದಲು ಅದೇ ರೀತಿ ಎರಡು. ವಾಕಿಂಗ್, ಕಾಫಿ, ಬೀಡಿ–ಸಿಗರೇಟುಗಳಿಂದ ಕನಿಷ್ಠ ಅರ್ಧ ಗಂಟೆ ದೂರವಿರಲಿ. ಬಂದ ಸಂಖ್ಯೆಗಳನ್ನೆಲ್ಲ ಬರೆಯಿರಿ, ಹೆಚ್ಚೆನಿಸಿದ್ದನ್ನು ಬಿಟ್ಟು ಹಿತವೆನಿಸಿದ್ದನ್ನು ಮಾತ್ರ ಬರೆಯುವುದು ಬೇಡ. ಮೊದಲ ದಿನದ್ದನ್ನು ಲೆಕ್ಕದಿಂದ ಕೈಬಿಟ್ಟು, ಉಳಿದ ಆರು ದಿನಗಳ ಇಪ್ಪತ್ತನಾಲ್ಕು ಅಳತೆಗಳ ಸರಾಸರಿ ತೆಗೆಯಿರಿ. ಶಿಕ್ಷಕರಾಗಿದ್ದ ನಿಮಗೆ ಇದನ್ನು ವಿವರಿಸಬೇಕಿಲ್ಲ. ಅದು 135/85ಕ್ಕಿಂತ ಕೆಳಗಿದ್ದರೆ ಒತ್ತಡ ಹಿಡಿತದಲ್ಲಿದೆಯೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಮಧುಮೇಹ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಇನ್ನೂ ಕೆಳಗಿನ ಗುರಿ ಹೇಳಬಹುದು. ಆಸ್ಪತ್ರೆಯ ಅಳತೆಗೆ 140/90 ಇರುವ ಗಡಿ ಮನೆಯ ಅಳತೆಗೆ 135/85 ಆಗಿರುವುದಕ್ಕೆ ಕಾರಣ, ಮನೆಯಲ್ಲಿ ಬಹುತೇಕರ ಒತ್ತಡ ತುಸು ಕಡಿಮೆಯೇ ಇರುವುದು. ನಿಮ್ಮ ವೈದ್ಯರ ಬಳಿ ಬಂದ 150ರಲ್ಲಿ ಎಷ್ಟು ಭಾಗ ಆಸ್ಪತ್ರೆಯ ಅಂಜಿಕೆ, ಎಷ್ಟು ಭಾಗ ನಿಜವಾದ ಏರಿಕೆ ಎಂಬುದನ್ನು ಈ ಹಾಳೆಯೇ ಹೇಳುತ್ತದೆ. ಅರ್ಧ ಮಾತ್ರೆ ತೆಗೆದುಕೊಂಡ ದಿನಗಳ ವಿಷಯವನ್ನೂ ಅವರಿಂದ ಮುಚ್ಚಿಡಬೇಡಿ, ಇಲ್ಲದಿದ್ದರೆ ಔಷಧ ಸಾಲುತ್ತಿಲ್ಲವೆಂದು ಭಾವಿಸಿ ಪ್ರಮಾಣ ಹೆಚ್ಚಿಸುವ ಸಾಧ್ಯತೆಯಿದೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುತ್ತಿದ್ದರೆ ಅದನ್ನೂ ಹೇಳಿ, ಅವು ಒತ್ತಡವನ್ನು ಏರಿಸುತ್ತವೆ.

ಆ ಒಂದು ವಾರದ ಆಚೆಗೆ ದಿನಕ್ಕೆ ಹತ್ತು ಸಲ ಯಂತ್ರ ಕಟ್ಟಿಕೊಳ್ಳುವುದನ್ನು ಬಿಡಿ, ಆತಂಕವೇ ಒತ್ತಡವನ್ನು ಏರಿಸಿ, ಏರಿದ ಸಂಖ್ಯೆ ಮತ್ತೆ ಆತಂಕವನ್ನು ಹೆಚ್ಚಿಸುತ್ತದೆ. ಆದರೆ ಎಂದಾದರೂ 180/120ನ್ನು ದಾಟಿದ ಸಂಖ್ಯೆ ಬಂದರೆ ಕೆಲವು ನಿಮಿಷ ವಿಶ್ರಮಿಸಿ ಮತ್ತೆ ಅಳೆಯಿರಿ. ಹಾಗೆಯೇ ಉಳಿದರೆ ಅಂದೇ ವೈದ್ಯರನ್ನು ಕಾಣಿ. ಅದರ ಜೊತೆಗೆ ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವುದು, ಕೈಕಾಲಿನ ಒಂದು ಪಾರ್ಶ್ವದ ಬಲ ಕುಂದುವುದು, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಎರಡನೆಯ ಅಳತೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಪ್ರಶ್ನೆ: ನಮ್ಮ ಅತ್ತೆಗೆ 72 ವರ್ಷ. ತೋಳಿನ ಯಂತ್ರದಲ್ಲಿ ಒಂದೊಂದು ಸಲಕ್ಕೂ 25–30ರಷ್ಟು ಅಂತರ ಬರುತ್ತದೆ, ಪರದೆಯ ಮೇಲೆ ಹೃದಯದ ಗುರುತು ಮಿನುಗುತ್ತದೆ. ಮಣಿಕಟ್ಟಿನ ಯಂತ್ರ ಕೊಂಡರೆ ಸರಿಹೋಗುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಮಣಿಕಟ್ಟಿನ ಯಂತ್ರ ಇದಕ್ಕೆ ಪರಿಹಾರವಲ್ಲ, ಕೈಯ ಎತ್ತರ ತುಸು ಬದಲಾದರೂ ಅದರ ಸಂಖ್ಯೆ ಬದಲಾಗುವುದರಿಂದ ಗೊಂದಲ ಹೆಚ್ಚೇ ಆದೀತು. ಮಿನುಗುವ ಆ ಗುರುತು ಹಲವು ಯಂತ್ರಗಳಲ್ಲಿ ನಾಡಿಬಡಿತ ಕ್ರಮವಾಗಿಲ್ಲ ಎಂಬ ಎಚ್ಚರಿಕೆ. ಕೆಲವು ಯಂತ್ರಗಳಲ್ಲಿ ಬಡಿತ ದೊರೆಯಿತೆಂಬ ಸಾಮಾನ್ಯ ಸೂಚನೆಯೂ ಆಗಿರುತ್ತದೆ, ಕೈಪಿಡಿ ತೆರೆದು ಖಚಿತಪಡಿಸಿಕೊಳ್ಳಿ. ಈ ವಯಸ್ಸಿನಲ್ಲಿ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಅಪರೂಪವಲ್ಲ. ಅದರಲ್ಲಿ ಒಂದೊಂದು ಬಡಿತಕ್ಕೂ ಹೊರಹೊಮ್ಮುವ ರಕ್ತದ ಪ್ರಮಾಣ ಬೇರೆಯಾಗುವುದರಿಂದ ಒತ್ತಡದ ಸಂಖ್ಯೆಯೂ ಹಾರಾಡುತ್ತದೆ; ಅಂಥವರಲ್ಲಿ ಮೂರು ಅಳತೆ ತೆಗೆದು ಸರಾಸರಿ ನೋಡಬೇಕು. ಬಿಪಿಗಿಂತ ದೊಡ್ಡ ಕಾಳಜಿ ಎಂದರೆ, ಈ ತೊಂದರೆ ಇರುವವರಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು, ಅದನ್ನು ತಡೆಯುವ ಔಷಧಗಳೂ ಇವೆ. ನಿಮ್ಮ ಅತ್ತೆಯವರ ಮಣಿಕಟ್ಟಿನ ನಾಡಿಯನ್ನು ಬೆರಳಿಟ್ಟು ಒಂದು ನಿಮಿಷ ಎಣಿಸಿ ನೋಡಿ. ಬಡಿತ ಕ್ರಮವಾಗಿದೆ ಎನಿಸಿದರೂ, ಇಲ್ಲವೆನಿಸಿದರೂ, ಈ ವಾರದಲ್ಲೇ ಅವರಿಗೆ ಒಂದು ಇಸಿಜಿ ಮಾಡಿಸಿ.