ಬೇಲಿ ಪಕ್ಕದ ಸೀಟೂ ಬೇಡ, ಪಿಟ್ ಪಾಸೂ ಬೇಡ

ಮೇ ಕೊನೆಯಲ್ಲಿ ಅಮೆರಿಕದ ಶಾರ್ಲೆಟ್‌ನಲ್ಲಿ ನಡೆಯುವ 600 ಮೈಲಿ ನಾಸ್ಕಾರ್ ಕಾರ್ ರೇಸ್‌ಗೆ ಮೊದಲ ಸಲ ಹೋಗುತ್ತಿದ್ದೀರಿ. ಬೇಲಿ ಪಕ್ಕದ ಸೀಟು ಅಗ್ಗಕ್ಕೆ ಸಿಗುತ್ತಿದೆ, ಅದನ್ನೇ ತಗೊಳ್ಳಲಾ ಇಲ್ಲಾ ಇನ್ನಷ್ಟು ದುಡ್ಡು ಹಾಕಿ ಪಿಟ್ ಪಾಸ್ (ರೇಸ್ ಕಾರುಗಳ ಟೈರ್ ಬದಲಿಸುವ, ಪೆಟ್ರೋಲ್ ತುಂಬಿಸುವ ಜಾಗಕ್ಕೆ ಬಿಡುವ ಪಾಸ್) ಮಾಡಿಸಲಾ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಕೂತು ಇದೇ ಲೆಕ್ಕ ಹಾಕಿದ್ದೆ.

ಆಗ ನಾನು ಶಾರ್ಲೆಟ್‌ಗೆ ಬಂದು ಎಂಟು ತಿಂಗಳು. ನಾನು, ನಮ್ಮ ರೂಮ್‌ಮೇಟ್ ದಾವಣಗೆರೆ ಹುಡುಗ, ಇಬ್ಬರೂ ಸೀಟಿನ ನಕ್ಷೆ ನೋಡಿದೆವು. ಕೆಳಗಿನ ಸಾಲು ಅಗ್ಗ, ಮೇಲಿನ ಸಾಲು ದುಬಾರಿ. "ಈ ಅಮೆರಿಕದವರಿಗೆ ತಲೆ ಇಲ್ವಾ? ಹತ್ತಿರದ ಸೀಟನ್ನೇ ಕಡಿಮೆಗೆ ಮಾರ್ತಾರಲ್ಲ!" ಅಂತ ಖುಷಿಯಿಂದ ಬೇಲಿಯಿಂದ ನಾಲ್ಕನೇ ಸಾಲು ಬುಕ್ ಮಾಡಿದೆವು. ಚಿಕ್ಕಂದಿನಿಂದ ಗಾಂಧಿ ಕ್ಲಾಸಲ್ಲಿ ಕೂತು ಕತ್ತು ನೋಯಿಸಿಕೊಂಡು ಸಿನಿಮಾ ನೋಡಿದವನು ನಾನು. ಪರದೆಗೆ ಹತ್ತಿರ ಅಂತ ಗಾಂಧಿ ಕ್ಲಾಸಿಗೆ ಯಾರಾದರೂ ಬಾಲ್ಕನಿ ರೇಟು ಕೊಡ್ತಾರಾ? ಅಷ್ಟೂ ಹೊಳೆಯಲಿಲ್ಲ.

ಸಂಜೆ ಆರರ ಮೇಲೆ ರೇಸ್ ಶುರುವಾಯಿತು. ಮೊದಲ ಸುತ್ತು ಮಾತ್ರ ಮರೆಯೋಕಾಗಲ್ಲ. 40 ಕಾರು ಒಟ್ಟಿಗೆ ಬಂದಾಗ ಸದ್ದು ಕೇಳಿಸುವುದಿಲ್ಲ, ಎದೆಗೆ ಬಡಿಯುತ್ತದೆ. ಅದೇ ಹತ್ತನೇ ಸುತ್ತಿಗೆ ನನಗೆ ಏನೂ ಕಾಣುತ್ತಿಲ್ಲ ಅಂತ ಅರ್ಥವಾಯಿತು.

ಯಾಕೆ ಅಂತ ಬಿಡಿಸಿ ಹೇಳ್ತೀನಿ. ಟ್ರ್ಯಾಕ್ ಒಂದೂವರೆ ಮೈಲಿ ಉದ್ದ, ಒಂದು ಸುತ್ತಿಗೆ ಸುಮಾರು ಅರ್ಧ ನಿಮಿಷ. ಕೆಳಗೆ ಕೂತವನಿಗೆ ಒಂದು ಕಾರು ಕಾಣುವುದು ಒಂದೆರಡು ಸೆಕೆಂಡು. ಅದೂ ಬೇಲಿಯ ತಂತಿಯ ನಡುವೆ, ಬಣ್ಣದ ಗೆರೆ ಎಳೆದ ಹಾಗೆ. ಆಮೇಲೆ ಅದು ತಿರುವಿಗೆ ಹೋಯಿತೋ, ಮಾಯ. ಟ್ರ್ಯಾಕಿನ ನಡುವಿನ ಮೈದಾನದ ತುಂಬ ಟೀಮುಗಳ ಲಾರಿ, ಜನರ ಕ್ಯಾಂಪಿಂಗ್ ಬಸ್ಸು. ಆಚೆ ಬದಿ ಕಾಣುವುದೇ ಇಲ್ಲ. ನಿಜವಾದ ರೇಸ್ ನಡೆಯುವುದು ಅಲ್ಲೇ. ತಿರುವುಗಳಲ್ಲಿ ರಸ್ತೆ 24 ಡಿಗ್ರಿ ಓರೆ. ಒಬ್ಬ ಗೋಡೆಗೆ ಅಂಟಿಕೊಂಡು ಮೇಲಿಂದ ಬರುತ್ತಾನೆ, ಇನ್ನೊಬ್ಬ ಕೆಳಗಿನ ಬಿಳಿ ಗೆರೆ ಹಿಡಿಯುತ್ತಾನೆ. ಹಿಂದಿನವನು ಸುತ್ತಿಗೆ ಒಂದೊಂದು ಕಾರಿನಷ್ಟು ಹತ್ತಿರವಾಗುತ್ತಾನೆ. ಇದನ್ನು ನೋಡೋಕೆ ಇಡೀ ಸುತ್ತು ಕಣ್ಣಿಗೆ ಬೀಳಬೇಕು. ನನಗೆ ಕಂಡಿದ್ದು ಸುಯ್ಯ್ ಅಂತ ಹೋಗಿದ್ದು, ಅಷ್ಟೇ.

ಆವತ್ತು ಕೈಲ್ ಬುಷ್ ಅನ್ನೋ ಡ್ರೈವರ್ 400 ಸುತ್ತಿನಲ್ಲಿ 377 ಸುತ್ತು ಎಲ್ಲರಿಗಿಂತ ಮುಂದಿದ್ದ. ರೇಸಿನ ನಾಲ್ಕು ಭಾಗವನ್ನೂ ಅವನೇ ಗೆದ್ದ. ಅವನ 18ನೇ ನಂಬರ್ ಕಾರು ನಮ್ಮ ಮೂಗಿನ ಮುಂದೆ ನೂರಾರು ಸಲ ಹೋಗಿದೆ. ಒಂದು ಸಲವೂ ನಾನು ಅದನ್ನು ಗುರುತು ಹಿಡಿಯಲಿಲ್ಲ! ಎದುರಿನ ದೊಡ್ಡ ಸ್ಕ್ರೀನ್ ನೋಡಿ ತಿಳಿದುಕೊಂಡೆ. ಟಿವಿ ನೋಡೋಕೆ ಟಿಕೆಟ್ ತಗೊಂಡ ಹಾಗಾಯ್ತು, ಅಲ್ವಾ?

ಮಧ್ಯೆ ಹಸಿವಾಗಿ ಪುಳಿಯೋಗರೆ ಡಬ್ಬಿ ತೆಗೆದೆವು. ಹೊರಗಿನ ತಿಂಡಿ ಒಳಗೆ ಬಿಡ್ತಾರೆ, ಆ ವಿಷಯಕ್ಕೆ ಚಿಂತೆ ಬೇಡ. ಟೈರ್ ಸವೆದು ಉದುರುವ ರಬ್ಬರ್ ಚೂರು ಬೇಲಿ ದಾಟಿ ಬರುತ್ತದೆ ಅಂತ ನಮಗೇನು ಗೊತ್ತು? ಕಪ್ಪಗೆ, ಸಣ್ಣಗೆ, ಒಗ್ಗರಣೆಯ ಸಾಸಿವೆಯಂತೆಯೇ. ರೂಮ್‌ಮೇಟ್ ಒಂದನ್ನು ಹಲ್ಲಲ್ಲಿ ಕಚ್ಚಿ, ತೆಗೆದು, ಫೋನ್ ಬೆಳಕಿಗೆ ಹಿಡಿದು ನೋಡಿ ಡಬ್ಬಿ ಮುಚ್ಚಿಟ್ಟ.

ಅರ್ಧ ರೇಸ್ ಮುಗಿದಾಗ ಎಲ್ಲ ಕಾರನ್ನೂ ಪಿಟ್‌ನಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ಅದು ಯುದ್ಧದಲ್ಲಿ ಸತ್ತ ಸೈನಿಕರನ್ನು ನೆನೆಯುವ ವಾರಾಂತ್ಯ. ಪ್ರತಿ ಕಾರಿನ ಮುಂದಿನ ಗಾಜಿನ ಮೇಲೆ ಡ್ರೈವರ್ ಹೆಸರಿನ ಬದಲು ಒಬ್ಬ ಸೈನಿಕನ ಹೆಸರು. ಅಷ್ಟು ಜನ ಎದ್ದು ನಿಂತು ಗಪ್‌ಚುಪ್. ನನ್ನ ಕಿವಿಯೊಳಗೆ ಮಾತ್ರ ಗುಂಯ್ ಅಂತ ನಿಲ್ಲಲೇ ಇಲ್ಲ. ಹತ್ತಿ ಇಟ್ಟುಕೊಂಡು ಹೋಗಿದ್ದೆ, ಅದು ಯಾವ ಮೂಲೆಗೂ ಸಾಲದು. ಫೋಮ್ ಇಯರ್‌ಪ್ಲಗ್ ತಗೊಳ್ಳಿ. ಮಗು ಜೊತೆಗಿದ್ದರೆ ಇಯರ್‌ಮಫ್ ಇಲ್ಲದೆ ಹೋಗಲೇಬೇಡಿ.

ಇನ್ನು ಪಿಟ್ ಪಾಸ್. ಅದು ಸಾಮಾನ್ಯವಾಗಿ ರೇಸ್ ಶುರುವಾಗುವ ಮುಂಚೆ ಒಳಗೆ ಓಡಾಡಿ ಫೋಟೋ ಹೊಡೆದುಕೊಳ್ಳೋಕೆ. ಆಮೇಲೆ ನಾಲ್ಕು ಗಂಟೆ ಕೂರುವುದು ಸೀಟಲ್ಲೇ ತಾನೇ? ಆ ದುಡ್ಡನ್ನು ಮೇಲಿನ ಸಾಲಿಗೆ ಹಾಕಿ. ನನ್ನ ಮಾತು ನಂಬಬೇಡಿ, ಟೀಮಿನವರನ್ನೇ ನೋಡಿ. ಪ್ರತಿ ಡ್ರೈವರ್‌ಗೂ ಒಬ್ಬ ಸ್ಪಾಟರ್ ಇರುತ್ತಾನೆ. ಪಕ್ಕದಲ್ಲಿ ಯಾರಿದ್ದಾರೆ, ಮುಂದೆ ಎಲ್ಲಿ ಕಾರುಗಳು ಗುದ್ದಿಕೊಂಡಿವೆ ಅಂತ ರೇಡಿಯೋದಲ್ಲಿ ಹೇಳುವವನು. ಅವನನ್ನು ನಿಲ್ಲಿಸುವುದು ಸ್ಟ್ಯಾಂಡಿನ ತುತ್ತತುದಿಯಲ್ಲಿ. ಆ ರೇಡಿಯೋ ಮಾತು ಕೇಳೋಕೆ ಸ್ಕ್ಯಾನರ್ ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಕಣ್ಣು ಮುಚ್ಚಿ ಖರ್ಚು ಮಾಡಿ.

ಮರುವರ್ಷ ನಾವು ಮೇಲೆ ಕೂತೆವು. ಶುರುವಿನಲ್ಲೇ ಟೈರ್ ಕೈಕೊಟ್ಟು ಗೋಡೆಗೆ ಉಜ್ಜಿದ 19ನೇ ಕಾರು, ಮಾರ್ಟಿನ್ ಟ್ರೂಎಕ್ಸ್‌ದು, ಕೊನೆಗೆ ಗೆದ್ದಿತು. ಕೊನೆಯ ಐದು ಸುತ್ತು ಬಾಕಿ ಇದ್ದಾಗ ನಾಲ್ಕು ಕಾರು ಅಕ್ಕಪಕ್ಕ ಸೇರಿ ಒಂದೇ ತಿರುವಿಗೆ ನುಗ್ಗಿದ್ದನ್ನು ಮೊದಲಿಂದ ಕೊನೆವರೆಗೆ ನೋಡಿದೆ. ರೂಮ್‌ಮೇಟ್ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದ.

ಹಾಂ, ಕಾರು ನಿಲ್ಲಿಸಿದ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಆ ಹುಲ್ಲಿನ ಬಯಲಲ್ಲಿ ಎಲ್ಲ ಕಾರೂ ಒಂದೇ ಥರ ಕಾಣುತ್ತವೆ.